ಮಾ ಖಿನ್ ಯಾನೆ ಮಲ್ಲಿಕಾಂಬ

೧೯೭೮ರ ಜೂನ್ ತಿಂಗಳ ಒಂದು ಮಧ್ಯಾಹ್ನ ಅಜ್ಜಂಪುರದ ಪೇಟೆ ಬೀದಿಗೆ ಪೊಲೀಸ್ ಪೇದೆಯೊಬ್ಬ ಬಂದ. ಬಸವರಾಜ ಅಂತ, ಠಾಣೆಗೆ ಹೊಸಬ. ಕೈಯಲ್ಲಿದ್ದ ಕಾಗದ ನೋಡಿಕೊಂಡು, "ಮಾ ಖಿನ್ ಅನ್ನೋರ ಮನೆ ಯಾವುದ್ರೀ?" ಎಂದು ಕೇಳಿದ. ಕಟ್ಟೆಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು.

"ಅಂಥ ಹೆಸರಿನೋರು ನಮ್ಮ ಬೀದೀಲಿ ಯಾರೂ ಇಲ್ಲ ಕಣಪ್ಪಾ."

ಯಾರೂ ಸುಳ್ಳು ಹೇಳಲಿಲ್ಲ. ಬೀದಿಗೆ ಗೊತ್ತಿದ್ದವಳು ಮಲ್ಲಿಕಾಂಬ. ತೀರಿಹೋದ ಸೋಮಶೇಖರಪ್ಪನ ಹೆಂಡತಿ, ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ಬಸವರಾಜ 'ಸದರಿ ವ್ಯಕ್ತಿ ಈ ವಿಳಾಸದಲ್ಲಿ ವಾಸವಿಲ್ಲ' ಎಂದು ಬರೆದುಕೊಂಡು ಹೊರಟುಹೋದ.

ಸಂಜೆ ಪಕ್ಕದ ಮನೆಯ ಕೆಂಚಮ್ಮ ಹೊಲಿಯಲು ಬಟ್ಟೆ ತಂದವಳು ನಗುತ್ತ ಆ ಸುದ್ದಿ ಹೇಳಿದಳು. "ಯಾವಳೋ ಮಾ ಕಿನ್ನಂತೆ ಕಣೇ. ಅದೂ ಒಂದು ಹೆಸರಾ!"

ಮಲ್ಲಿಕಾಂಬಳ ಕಾಲು ಮಿಷನ್ನಿನ ಮೇಲೆ ಹಾಗೇ ನಿಂತಿತು. ಆ ಹೆಸರು ಅವಳದೇ.

ಸೋಮಶೇಖರಪ್ಪ ಹರೆಯದಲ್ಲಿ ರಂಗೂನಿಗೆ ಹೋಗಿ ಮರದ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಿದ್ದ. ಅಲ್ಲೇ ಅವಳನ್ನು ಮದುವೆಯಾದ. ಅಲ್ಲಿನ ಅಂಗಡಿಗಳೆಲ್ಲ ಸರ್ಕಾರದ ಪಾಲಾದ ವರ್ಷ, ಅರವತ್ತನಾಲ್ಕರಲ್ಲಿ, ಇಬ್ಬರೂ ಹಡಗು ಹತ್ತಿ ಮದರಾಸಿಗೆ ಬಂದಿಳಿದು ಅಜ್ಜಂಪುರ ಸೇರಿದರು. ಅತ್ತೆ ಕಾಶಮ್ಮ ಮಠದಿಂದ ಅಯ್ಯನವರನ್ನು ಕರೆಸಿ ಸೊಸೆಗೆ ಲಿಂಗ ಕಟ್ಟಿಸಿದಳು, ಮಲ್ಲಿಕಾಂಬ ಎಂದು ಹೆಸರಿಟ್ಟಳು. "ಆ ಹಳೇ ಹೆಸರು ಇನ್ನು ಈ ಮನೇಲಿ ಬ್ಯಾಡ" ಎಂದಳು. ಬಾಯಿ ಬಿರುಸಾದರೂ ಅನ್ನಕ್ಕೆ ಕೊರತೆ ಮಾಡಲಿಲ್ಲ.

ಆದರೆ ಚಿಕ್ಕಮಗಳೂರಿನ ಪೊಲೀಸ್ ಕಚೇರಿಯ ಕಡತದಲ್ಲಿ ಅವಳು ಬರ್ಮಾದ ಮಾ ಖಿನ್ ಆಗಿಯೇ ಉಳಿದಿದ್ದಳು. ಪ್ರತಿ ಜನವರಿ ಗಂಡ ಅವಳನ್ನು ಕರೆದುಕೊಂಡು ಹೋಗಿ ವಿದೇಶಿಯರ ನೋಂದಣಿ ಪುಸ್ತಕಕ್ಕೆ ಇನ್ನೊಂದು ವರ್ಷದ ಸೀಲು ಹಾಕಿಸಿ ತರುತ್ತಿದ್ದ. ಎಪ್ಪತ್ತಾರರಲ್ಲಿ ಎದೆನೋವು ಅಂದವನು ಬೆಳಗಾಗುವುದರೊಳಗೆ ಹೋಗಿಬಿಟ್ಟ. ಮುಂದಿನ ಜನವರಿ ಬಂದು ಹೋದದ್ದು ಅವಳಿಗೆ ತಿಳಿಯಲೇ ಇಲ್ಲ. ತಿಳಿದಾಗ ಭಯವಾಯಿತು. ಈಗ ಹೋದರೆ ಯಾಕೆ ತಡ ಅಂತ ಕೇಳುತ್ತಾರೆ, ಹಿಡಿದು ಕೂರಿಸುತ್ತಾರೆ ಎಂದುಕೊಂಡು ಒಂದು ವಾರ ಮುಂದೂಡಿದಳು. ವಾರ ತಿಂಗಳಾಯಿತು, ತಿಂಗಳು ವರ್ಷ ದಾಟಿತು. ಪುಸ್ತಕ ಟ್ರಂಕಿನ ತಳದಲ್ಲೇ ಉಳಿಯಿತು.

ಮರುದಿನ ಅವಳು ಬಸ್ಸು ಹತ್ತಿ ತರೀಕೆರೆಗೆ ಹೋದಳು. ತಾಲ್ಲೂಕು ಕಚೇರಿಯ ಎದುರಿಗೆ ಅರ್ಜಿ ಬರೆಯುತ್ತಿದ್ದ ದೇವೀರಪ್ಪ ಗಂಡನಿಗೆ ಪರಿಚಯದವರು. ಪುಸ್ತಕವನ್ನು ತಿರುವಿ ನೋಡಿ, ಕನ್ನಡಕ ತೆಗೆದರು.

"ಅಲ್ಲಮ್ಮಾ, ಪೇದೆ ವಾಪಸ್ ಹೋದ ಅಂತ ಸಮಾಧಾನ ಮಾಡ್ಕಬ್ಯಾಡ್ರಿ. ಇಲ್ಲ ಅಂತ ಬರ್ಕೊಂಡ್ ಹೋದ್ರೆ ನೀವು ತಪ್ಪಿಸ್ಕಂಡ್ರಿ ಅಂತ್ಲೇ ಲೆಕ್ಕ. ಸಿಕ್ಕಿದ ದಿನ ದೇಶ ಬಿಡಿ ಅಂದ್ರೆ ಏನ್ ಮಾಡ್ತೀರಿ?"

"ಮಗಳು ಇಲ್ಲೇ ಹುಟ್ಟಿದೋಳು. ಏಳನೇ ಕ್ಲಾಸು. ಅವಳು?"

"ಅವಳು ಇಲ್ಲಿಯವಳೇ. ಅವಳನ್ನ ಯಾರೂ ಕಳ್ಸಲ್ಲ."

ಈ ಮಾತಿನಿಂದ ಹೆದರಿಕೆ ಇಮ್ಮಡಿಯಾಯಿತು. ಮಗಳು ತೀರ್ಥ ಇಲ್ಲಿ, ತಾನು ಅಲ್ಲಿ. ರಂಗೂನಿನಲ್ಲಿ ಅಪ್ಪ ಅಮ್ಮ ಇರಲಿಲ್ಲ; ಅಣ್ಣನ ಕಾಗದ ನಿಂತು ಎಷ್ಟೋ ವರ್ಷವಾಗಿತ್ತು.

"ನೀವಾಗೇ ಹೋಗಿ ನಿಂತ್ಕಳ್ರಿ" ಎಂದರು ದೇವೀರಪ್ಪ. "ಐದು ವರ್ಷದ ಪರ್ಮಿಟ್ ಕೇಳಿ ಅರ್ಜಿ ಬರ್ದು ಕೊಡ್ತೀನಿ. ಆದ್ರೆ ಮಾ ಖಿನ್ನೂ ಮಲ್ಲಿಕಾಂಬನೂ ಒಬ್ರೇ ಅಂತ ಹೇಳೋಕೆ ಗಂಡನ ಕಡೆಯೋರು ಒಬ್ರು ಬೇಕು."

ಆ ಕಡೆ ಉಳಿದವಳು ಕಾಶಮ್ಮ ಒಬ್ಬಳೇ. ಹದಿನಾಲ್ಕು ವರ್ಷ ಆ ಹೆಸರನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳದವಳು. ಮೂರು ದಿನ ಮಲ್ಲಿಕಾಂಬ ಬಾಯಿ ತೆರೆಯಲಾರದೆ ಒದ್ದಾಡಿದಳು. ನಾಲ್ಕನೆಯ ದಿನ ಅತ್ತೆ ಮೊರದಲ್ಲಿ ರಾಗಿ ಕೇರುತ್ತಿದ್ದಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಕಾಶಮ್ಮ ಮೊರದಿಂದ ಕಣ್ಣೆತ್ತದೆ ರಾಗಿ ಕೇರಿ ಮುಗಿಸಿ ಒಳಗೆ ಹೋದಳು.

ಬೆಳಿಗ್ಗೆ ಎದ್ದು ನೋಡಿದರೆ ಮುದುಕಿ ಸ್ನಾನ ಮಾಡಿ, ವಿಭೂತಿ ಧರಿಸಿ, ಬಾಗಿಲಲ್ಲಿ ನಿಂತಿದ್ದಳು.

"ಯಾವ ರೈಲು?" ಎಂದಳು.

ಕಡೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಸಖರಾಯಪಟ್ಟಣ ದಾಟುವಾಗ ಮಲ್ಲಿಕಾಂಬಳಿಗೆ ಹೊಸ ಚಿಂತೆ ಹತ್ತಿತು. ಎಂದೋ ಒಂದು ಸಲ ಕೇಳಿದ ಹೆಸರು ಎಪ್ಪತ್ತನಾಲ್ಕು ವರ್ಷದ ಮುದುಕಿಗೆ ನೆನಪಿರುತ್ತದೆಯೇ? ಹೇಳಿಕೊಡೋಣವೆಂದರೆ ಧೈರ್ಯ ಬರಲಿಲ್ಲ.

ಕಚೇರಿಯಲ್ಲಿ ಇನ್ಸ್‌ಪೆಕ್ಟರ್ ಪುಸ್ತಕದ ಫೋಟೋ ನೋಡಿದರು. ಮುಡಿಯೆತ್ತಿ ಕಟ್ಟಿ ಹೂ ಸಿಕ್ಕಿಸಿಕೊಂಡ ಹುಡುಗಿ. ಎದುರಿಗೆ ನಿಂತಿದ್ದವಳ ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು.

"ಎರಡು ವರ್ಷ ಎಲ್ಲಿದ್ರಿ?"

"ಅಲ್ಲೇ ಇದ್ದೆ ಸ್ವಾಮಿ. ಹೆದರ್ಕಂಡ್ ಬರ್ಲಿಲ್ಲ."

ಆ ಮುಖದಿಂದ ಅಜ್ಜಂಪುರದ ಮಾತು ಹೊರಟಿದ್ದಕ್ಕೆ ಗುಮಾಸ್ತ ತಲೆಯೆತ್ತಿ ನೋಡಿದ. ಇನ್ಸ್‌ಪೆಕ್ಟರ್ ಕಾಶಮ್ಮನ ಕಡೆ ತಿರುಗಿದರು. "ಅಜ್ಜೀ, ಇವರ ಮೊದಲನೇ ಹೆಸರು ಏನು?"

ಕಾಶಮ್ಮ ಪುಸ್ತಕದ ಫೋಟೋದ ಕಡೆ ಬಗ್ಗಿ ನೋಡಿದಳು.

"ಮಾ ಖಿನ್" ಎಂದಳು ಮುದುಕಿ, ಸ್ಪಷ್ಟವಾಗಿ. "ನನ್ನ ಮಗ ಆ ದೇಶದಿಂದ ಕಾಗದ ಬರ್ದಿದ್ದ. ಓದ್ಸಿ ಕೇಳ್ದೆ. ಸಿಟ್ಟು ಬಂದು ಕಾಗದ ಒಲೆಗೆ ಹಾಕ್ದೆ. ಹೆಸರು ಮಾತ್ರ ಹೋಗ್ಲೇ ಇಲ್ಲ."

"ಈಗ ಮಗ ಇಲ್ಲವಲ್ಲ. ಇವರು ನಿಮಗೆ ಏನಾಗ್ಬೇಕು?"

"ಮಗ ಸತ್ತ ಅಂತ ಸೊಸೆ ಅನ್ನಾದು ಸುಳ್ಳಾಗ್ತದೇನಪ್ಪಾ?"

ಇನ್ಸ್‌ಪೆಕ್ಟರ್ ಹೇಳಿಕೆ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. "ತಡ ಆಗಿರೋದರಿಂದ ಬೆಂಗಳೂರಿಗೆ ಕಳಿಸಬೇಕು. ಏನಾಗುತ್ತೆ ಅಂತ ನಾನು ಹೇಳಲಾರೆ" ಎಂದರು.

ಆಮೇಲಿನ ಐದು ತಿಂಗಳು ಮಲ್ಲಿಕಾಂಬ ಸರಿಯಾಗಿ ಉಣ್ಣಲಿಲ್ಲ. ಅಂಚೆಯವನು ಮನೆ ದಾಟಿ ಹೋದರೆ ಒಂದು ದಿನ ಉಳಿಯಿತು ಅನ್ನಿಸುತ್ತಿತ್ತು. ದಾಟಿ ಹೋದನಲ್ಲ ಎಂಬ ಸಂಕಟವೂ ಆಗುತ್ತಿತ್ತು. ತೋಳು ಹೊಲಿಯುವಲ್ಲಿ ಕುತ್ತಿಗೆ ಹೊಲಿದು ಕೆಂಚಮ್ಮನ ರವಿಕೆ ಕೆಟ್ಟಿತು. ತೀರ್ಥಳಿಗೆ ಅನ್ನ ಬಸಿಯುವುದು, ಜಡೆ ಹಾಕಿಕೊಳ್ಳುವುದು ಕಲಿಸತೊಡಗಿದಳು. ಯಾಕೆಂದು ಮಗಳು ಕೇಳಿದರೆ, "ಕಲ್ತಿರ್ಲಿ" ಅನ್ನುವಳು.

ನವೆಂಬರಿನಲ್ಲಿ ಬಸವರಾಜನೇ ಬಂದ. ಈ ಸಲ ನೇರ ಜಗಲಿಗೆ ಬಂದು ನಿಂತು, "ನಿಮಗೇ ಅಮ್ಮಾ" ಎಂದು ಲಕೋಟೆ ಕೊಟ್ಟ. ಒಡೆಯಲು ಅವಳಿಗೆ ಕೈ ಬರಲಿಲ್ಲ. ತೀರ್ಥ ಒಡೆದು ಓದಿದಳು. ಐದು ವರ್ಷ ಇರಲು ಅನುಮತಿ. ಕಚೇರಿಗೆ ಬಂದು ಸೀಲು ಹಾಕಿಸಿಕೊಳ್ಳತಕ್ಕದ್ದು.

ಮಲ್ಲಿಕಾಂಬ ಕಂಬಕ್ಕೆ ಒರಗಿ ಕೂತುಬಿಟ್ಟಳು. "ಐದಾದ್ಮೇಲೆ?" ಎಂದಳು ಸಣ್ಣ ದನಿಯಲ್ಲಿ.

"ಐದಾದ್ಮೇಲೆ ಮತ್ತೆ ಹೋಗಾದು" ಎಂದಳು ಒಳಗಿನಿಂದ ಕಾಶಮ್ಮ. "ನಾನಿದ್ರೆ ನಾನು ಬತ್ತೀನಿ, ಇಲ್ದಿದ್ರೆ ನಿನ್ನ ಮಗಳು ಬತ್ತಾಳೆ."

ಪರ್ಮಿಟ್ ಮುಗಿಯುವ ಹೊತ್ತಿಗೆ, ಎಂಬತ್ತಮೂರರಲ್ಲಿ, ಕಾಶಮ್ಮ ಇರಲಿಲ್ಲ. ಕಡೂರಿನಲ್ಲಿ ಬಸ್ಸಿಗೆ ಕಾಯುವಾಗ ಅಮ್ಮ ಮತ್ತೆ ಮತ್ತೆ ಪುಸ್ತಕ ತೆಗೆದು ನೋಡುತ್ತಿದ್ದುದನ್ನು ಕಂಡು, ಕಾಗದಗಳ ಚೀಲವನ್ನು ತೀರ್ಥ ತಾನೇ ಹಿಡಿದುಕೊಂಡಳು.