ತವರುಮನೆಯ ಫ್ಯಾನು, ಗಂಡನ ಕಂಪ್ಯೂಟರು

ಮೊನ್ನೆ ಮಗಳ ಕೋಣೆಗೆ ಚಹಾ ಕೊಡಲು ಹೋದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಬಹಳ ದಿನ ಮುಚ್ಚಿಟ್ಟ ಕಂಪ್ಯೂಟರನ್ನು ಒಮ್ಮೆಲೇ ಜೋರಾಗಿ ಓಡಿಸಿದರೆ ಅದರ ಬೆನ್ನಿನಿಂದ ಬಿಸಿ ಧೂಳಿನ ವಾಸನೆ ಬರುತ್ತದಲ್ಲ, ಅದು. ಪರೀಕ್ಷೆ ಮುಗಿಯುವ ತನಕ ಬಟ್ಟೆ ಹೊದಿಸಿಟ್ಟಿದ್ದ ಯಂತ್ರವನ್ನು ಅವಳು ಅವತ್ತೇ ತೆರೆದಿದ್ದಳು. ನೀವು ಈ ವಾಸನೆಯನ್ನು ಗಮನಿಸಿರಲಿಕ್ಕಿಲ್ಲ. ಗಮನಿಸುವಂಥದ್ದು ಅದರಲ್ಲಿ ಏನೂ ಇಲ್ಲ. ನನಗೆ ಮಾತ್ರ ಅದು ಬಂದರೆ ಇವತ್ತಿಗೂ ಹೊಟ್ಟೆಯಲ್ಲಿ ಸಣ್ಣಗೆ ಉರಿ ಹತ್ತುತ್ತದೆ. ಮದುವೆಯಾದ ಮೊದಲ ವರ್ಷ ನಾನು ಹೊಟ್ಟೆಕಿಚ್ಚು ಪಟ್ಟದ್ದು ಇಂಥದೇ ವಾಸನೆ ಬಿಡುತ್ತಿದ್ದ ಒಂದು ಡಬ್ಬಿಯ ಮೇಲೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಖಾನಾಪುರದ ನಾನು ಬೆಳಗಾವಿಯ ಶಹಾಪುರಕ್ಕೆ ಸೊಸೆಯಾಗಿ ಬಂದೆ. ಬರುವ ಮೊದಲು ಗೆಳತಿಯರು ಏನೇನೋ ಹೇಳಿ ಹೆದರಿಸಿದ್ದರು. ಅತ್ತೆ ಗಂಡನನ್ನು ಬಿಟ್ಟುಕೊಡುವುದಿಲ್ಲ, ನಾದಿನಿಯರು ಕಿವಿ ಊದುತ್ತಾರೆ, ಗಂಡನ ಗೆಳೆಯರು ಮನೆ ಬಿಟ್ಟು ಕದಲುವುದಿಲ್ಲ. ನಾನು ಎಲ್ಲದಕ್ಕೂ ಸಿದ್ಧಳಾಗಿ ಬಂದೆ. ಬಂದು ನೋಡಿದರೆ ನಾದಿನಿಯೇ ಇಲ್ಲ. ಅತ್ತೆ ಸಾಧು. ಗಂಡನ ಗೆಳೆಯರು ಹಬ್ಬಕ್ಕೆ ಕರೆದರೂ ಬರುವವರಲ್ಲ. ಹೊರಗಿನ ಕೋಣೆಯ ಮೂಲೆಯಲ್ಲಿ, ಕಸೂತಿ ಹಾಕಿದ ಬಟ್ಟೆಯ ಕೆಳಗೆ, ಒಂದು ಕಂಪ್ಯೂಟರು ಇತ್ತು. ಅದರ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ.

ಇವರು, ಅಂದರೆ ನನ್ನ ಗಂಡ, ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿದ್ದರು. ಕರಗಿದ ಕಬ್ಬಿಣ ಎಷ್ಟು ಕಾದಿದೆ ಎಂದು ಅಳೆಯುವುದು ಅಲ್ಲಿ ಇವರ ಕೆಲಸ. ಅದೇ ಚಟವನ್ನು ಮನೆಗೂ ತಂದಿದ್ದರೋ ಏನೋ. ಕಂಪ್ಯೂಟರನ್ನು ಬಿಡಿಭಾಗ ತಂದು ತಾವೇ ಜೋಡಿಸಿದ್ದರು. ಕಾರಿನ ರೇಸ್ ಆಡಲಿಕ್ಕೆಂದೇ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರು. ಅದು ಸಾಲದೆ, ಕಂಪ್ಯೂಟರಿನ ವೇಗವನ್ನು ಕಂಪನಿಯವರು ಹೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚಿಗೆ ಏರಿಸಿಟ್ಟಿದ್ದರು. ವೇಗ ಏರಿಸಿದರೆ ಕಾವೂ ಏರುತ್ತದೆ. ಹಾಗಾಗಿ ಒಳಗಿನ ಕಾವನ್ನು ಪರದೆಯ ಮೂಲೆಯಲ್ಲಿ ಅಂಕಿಯಾಗಿ ತೋರಿಸುವ ಒಂದು ಸಾಫ್ಟ್‌ವೇರ್ ಹಾಕಿದ್ದರು. ಐವತ್ತಿದ್ದರೆ ಇವರ ಮುಖ ತಿಳಿಯಾಗಿರುತ್ತಿತ್ತು. ಐವತ್ತೆಂಟಕ್ಕೆ ಹುಬ್ಬು ಗಂಟಿಕ್ಕುತ್ತಿತ್ತು. ಅರವತ್ತು ದಾಟಿದರೆ ಡಬ್ಬಿ ಕುಂಯ್ ಕುಂಯ್ ಎಂದು ಕೂಗುತ್ತಿತ್ತು. ಆಗ ಇವರು ಊಟದ ತಾಟು ಬಿಟ್ಟು ಎಂಜಲ ಕೈಯಲ್ಲೇ ಎದ್ದು ಓಡುತ್ತಿದ್ದರು.

ಸಂಜೆ ಫೌಂಡ್ರಿಯಿಂದ ಬಂದವರು ಕಾಲು ತೊಳೆಯುವ ಮೊದಲೇ ಅದನ್ನು ಚಾಲೂ ಮಾಡಿ ಅಂಕಿ ನೋಡಬೇಕು. ಆಮೇಲೆ ನನ್ನನ್ನು. ನಾನು ಹೊಸ ಸೀರೆ ಉಟ್ಟಿದ್ದೇನೋ, ತಲೆಗೆ ಅಬ್ಬಲಿ ಮುಡಿದಿದ್ದೇನೋ, ಅದು ಇವರಿಗೆ ಗೊತ್ತಾಗುವುದು ಅಂಕಿ ಸರಿ ಇದ್ದ ದಿನ ಮಾತ್ರ.

ಇಷ್ಟನ್ನು ಹೇಗೋ ನುಂಗಿಕೊಂಡೆ. ನುಂಗಲಾಗದೆ ಹೋದದ್ದು ಫ್ಯಾನಿನ ವಿಷಯ. ಮದುವೆಯಲ್ಲಿ ನಮ್ಮಪ್ಪ ಒಂದು ಟೇಬಲ್ ಫ್ಯಾನ್ ಕೊಟ್ಟಿದ್ದ. ಖಾನಾಪುರದ ತಂಪಿನಲ್ಲಿ ಬೆಳೆದ ಹುಡುಗಿ, ಬೆಳಗಾವಿಯ ಸೆಕೆ ತಡೆಯಲಿಕ್ಕಿಲ್ಲ ಎಂದು ತಾನೇ ಅಂಗಡಿಗೆ ಹೋಗಿ, ಹಚ್ಚಿಸಿ ನೋಡಿ, ಆರಿಸಿ ತಂದದ್ದು. ಮಾರ್ಚ್ ತಿಂಗಳ ಒಂದು ದಿನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬರುತ್ತೇನೆ, ಫ್ಯಾನು ಮಲಗುವ ಕೋಣೆಯಲ್ಲಿಲ್ಲ. ಹೊರಗಿನ ಕೋಣೆಯಲ್ಲಿ ಡಬ್ಬಿಯ ಬಾಜೂಕಿನ ತಗಡು ಬಿಚ್ಚಿದ್ದಾರೆ. ನಮ್ಮಪ್ಪ ಕೊಟ್ಟ ಫ್ಯಾನು ಅದರ ಹೊಟ್ಟೆಯೊಳಗೆ ಭರ್ರೆಂದು ಗಾಳಿ ಊದುತ್ತಿದೆ.

ಅತ್ತೆಗೂ ಅದು ಸರಿ ಬರಲಿಲ್ಲ. ಮಗನನ್ನು ಬೈದರು. "ಮಾಂತ್ಯಾ, ಮನ್ಯಾಗ ಹೊಸಾ ಸೊಸಿ ಬೆವತು ನೀರಾಗ್ಯಾಳ. ನೀ ಆ ಡಬ್ಬಿಗೆ ಗಾಳಿ ಹಚ್ಚಿ ಕುಂತಿಯಲ್ಲೋ?"

"ಅಕಿ ಬೆವತರ ಏನೂ ಆಗೂದಿಲ್ಲಬೇ. ಇದು ಕಾದರ ಸುಟ್ಟು ಹೋಕ್ಕೈತಿ."

ಇವರು ಇದನ್ನು ನನ್ನನ್ನು ನೋಯಿಸಲು ಹೇಳಲಿಲ್ಲ. ಕಬ್ಬಿಣದ ತಾಪ ಹೇಳುವ ಹಾಗೆ, ಇದ್ದದ್ದನ್ನು ಹೇಳಿದರು. ನನಗೆ ಉರಿದದ್ದು ಅದಕ್ಕೇ.

ಏಪ್ರಿಲ್‌ನಲ್ಲಿ ನನಗೆ ಜ್ವರ ಬಂತು. ದೊಡ್ಡ ಜ್ವರವಲ್ಲ, ಆದರೆ ಹಾಸಿಗೆ ಹಿಡಿಸುವಷ್ಟು. ಸಂಜೆ ಇವರು ಬಂದು ನನ್ನ ಹಣೆಯ ಮೇಲೆ ಕೈ ಇಟ್ಟರು. ಮದುವೆಯಾದ ಮೇಲೆ ಅಷ್ಟು ಹೊತ್ತು ಸುಮ್ಮನೆ ನನ್ನ ಹತ್ತಿರ ಕುಳಿತದ್ದು ಅದೇ ಮೊದಲು. ಜ್ವರ ಇನ್ನೆರಡು ದಿನ ಇದ್ದರೂ ಅಡ್ಡಿಯಿಲ್ಲ ಅನ್ನಿಸಿತು. ಅಷ್ಟರಲ್ಲಿ ಹೊರಗೆ ಕುಂಯ್ ಕುಂಯ್. ಹಣೆಯ ಮೇಲಿನ ಕೈ ಎದ್ದು ಹೋಯಿತು. "ಒಂದ್ ಮಿಂಟು," ಅಂದರು. ಆ ಮಿನಿಟು ಮುಗಿಯುವಷ್ಟರಲ್ಲಿ ಅತ್ತೆ ನನಗೆ ಗಂಜಿ ಕುಡಿಸಿ, ಔಷಧ ಕೊಟ್ಟು, ಹೊದಿಕೆ ಹೊದಿಸಿ ಆಗಿತ್ತು.

ಜ್ವರ ಇಳಿದ ಮರುದಿನವೇ ಖಾನಾಪುರದ ಬಸ್ಸು ಹತ್ತಿದೆ.

ಅವ್ವ ಬಾಗಿಲಲ್ಲೇ ನನ್ನ ಮುಖ ನೋಡಿ ಗಾಬರಿಯಾದಳು. ಒಳಗೆ ಕೂಡಿಸಿ ಒಂದೊಂದೇ ಕೇಳಿದಳು.

"ಕುಡದು ಬರ್ತಾನೇನು?"

"ಇಲ್ಲ."

"ಇಸ್ಪೀಟ್ ಆಡ್ತಾನ?"

"ಇಲ್ಲಬೇ."

"ಮತ್ತ ಬ್ಯಾರೆ ಯಾರರ..."

"ಕಂಪ್ಯೂಟರಿಗೆ ಗಾಳಿ ಹಾಕ್ತಾರ," ಅಂದೆ. ಹೇಳುತ್ತ ಹೇಳುತ್ತ ಅಳು ಬಂತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳೂ ಅಳುತ್ತಿದ್ದಾಳೆ ಅಂದುಕೊಂಡೆ. ಅವಳು ನಗುತ್ತಿದ್ದಳು. ಗಂಡ ಬೇರೆ ಹೆಂಗಸಿನ ಹಿಂದೆ ಹೋದರೆ ಊರೆಲ್ಲ ಹೆಂಡತಿಯ ಕಡೆ ನಿಲ್ಲುತ್ತದೆ. ನನ್ನ ಕಷ್ಟವನ್ನು ಯಾರ ಮುಂದೆ ಹೇಳಿದರೂ ನಗುವರು ಎಂದು ಅವತ್ತು ಗೊತ್ತಾಯಿತು.

ಮುಂದಿನ ರವಿವಾರ ಇವರು ಕರೆಯಲು ಬಂದರು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬಾಗಿಲ ಹಿಂದೆ ನಿಂತು, ಇವರು ಅಪ್ಪನ ಮುಂದೆ ಏನು ಹೇಳುತ್ತಾರೆ ಎಂದು ಕಿವಿಗೊಟ್ಟೆ. ತಪ್ಪಾಯಿತು ಅನ್ನಬಹುದು, ಅವಳಿಲ್ಲದೆ ಮನೆ ಭಣಭಣ ಅನ್ನುತ್ತದೆ ಅನ್ನಬಹುದು. ಇವರು ಪಡಸಾಲೆಯಲ್ಲಿ ಕುಳಿತು, ನೀರು ಕುಡಿದು, ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ ಹೇಳಿದರು: "ಮಾವಾರ, ನಿಮ್ಮ ಮನಿ ಭಾಳ ತಂಪ ಐತ್ರಿ. ಇಲ್ಲಿದ್ದರ ನನ್ನ ಕಂಪ್ಯೂಟರ್ ಐದು ಡಿಗ್ರಿ ಕಡಿಮಿ ತೋರಸ್ತಿತ್ತು."

ಆದರೂ ಹೋದೆ. ಯಾಕೆ ಹೋದೆ ಅಂದರೆ, ಅವರು ಹೊರಡುವಾಗ ನನ್ನ ಚೀಲ ಎತ್ತಿಕೊಂಡು, "ಬಾ, ನೀ ಇಲ್ಲದ ಊಟ ಹೋಗವಲ್ದು," ಅಂದರು, ನನ್ನ ಮುಖ ನೋಡದೆ, ತಗ್ಗಿದ ದನಿಯಲ್ಲಿ. ಅಷ್ಟು ಸಾಕಾಯಿತು. ನಾನು ಅಂಥ ದುಬಾರಿ ಹೆಂಗಸಲ್ಲ.

ವಾಪಸು ಬಂದ ಮೇಲೆ, ಮಧ್ಯಾಹ್ನ ಅತ್ತೆ ಮಲಗಿದ್ದಾಗ, ಆ ಡಬ್ಬಿಯ ಮುಂದೆ ಹೋಗಿ ಕುಳಿತೆ. ಇವರನ್ನು ಹೀಗೆ ಹಿಡಿದಿಡುವಂಥದ್ದು ಅದರಲ್ಲಿ ಏನಿದೆ ಎಂದು ನೋಡಬೇಕಿತ್ತು. ಚಾಲೂ ಮಾಡುವುದನ್ನು ದಿನಾ ನೋಡಿ ಕಲಿತಿದ್ದೆ. ಕಾರು ಹೊರಟಿತು, ಮೊದಲ ತಿರುವಿನಲ್ಲೇ ಗೋಡೆಗೆ ಬಡಿಯಿತು. ಮತ್ತೆ ಹೊರಟೆ, ಮತ್ತೆ ಬಡಿಯಿತು. ಹಿತ್ತಲ ಆಚೆಯ ಪವರ್‌ಲೂಮಿನ ಖಟಖಟದಲ್ಲಿ ನನ್ನ ಕಾರಿನ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಎರಡು ವಾರದಲ್ಲಿ ಗೋಡೆಗೆ ಬಡಿಯುವುದು ನಿಂತಿತು. ಒಂದು ತಿಂಗಳಲ್ಲಿ, ಅತ್ತೆ ಬೇಗ ಮಲಗಲಿ ಎಂದು ಊಟಕ್ಕೆ ಅವಸರ ಮಾಡತೊಡಗಿದೆ.

ಸಂಜೆ ಅತ್ತೆ ಗುಡಿಗೆ ಹೋದಾಗ ಮತ್ತೊಮ್ಮೆ ಕೂರುತ್ತಿದ್ದೆ. ಓಣಿಯ ತಿರುವಿನಲ್ಲಿ ಇವರ ಸ್ಕೂಟರಿನ ಸದ್ದು ಕೇಳಿದರೆ ಬಂದ್ ಮಾಡಿ, ಬಟ್ಟೆ ಹೊದಿಸಿ, ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಡಬ್ಬಿಯ ಕಾವು ಅಷ್ಟು ಬೇಗ ಇಳಿಯುವುದಿಲ್ಲ ಎಂಬುದು ಹೊಳೆದಿರಲಿಲ್ಲ.

"ಈಗರ ಚಾಲೂ ಮಾಡೇನಿ. ಆಗಲೇ ನಾಲ್ವತ್ತೆಂಟು ಹೆಂಗ?" ಇವರು ತಮಗೆ ತಾವೇ ಕೇಳಿಕೊಂಡರು. ಮರುದಿನವೂ ಅದೇ. ಇವರ ನಿದ್ದೆ ಹೋಯಿತು. ರಜೆ ಹಾಕಿ ಇಡೀ ಯಂತ್ರ ಬಿಚ್ಚಿದರು. ಒಳಗಿನ ಸಣ್ಣ ಫ್ಯಾನಿನ ಕೆಳಗಿನ ತಗಡಿನ ಹಲ್ಲುಗಳಲ್ಲಿ ಪವರ್‌ಲೂಮಿನಿಂದ ಹಾರಿಬಂದ ನೂಲಿನ ಧೂಳು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಬಣ್ಣದ ಬ್ರಶ್ಶಿನಿಂದ ಕೆರೆದು ತೆಗೆದು, ಕಾವು ದಾಟಿಸುವ ಬಿಳಿ ಪೇಸ್ಟು ಹೊಸದಾಗಿ ಹಚ್ಚಿ, ಜೋಡಿಸಿದರು. "ಸಿಕ್ತು ನೋಡು ರೋಗ," ಎಂದು ನನಗೆ ತೋರಿಸಿದರು. ನಾನೂ ಬೆರಗಾದವಳಂತೆ ನೋಡಿದೆ. ಆಡುವಾಗಿನ ಕಾವು ಆರು ಡಿಗ್ರಿ ಇಳಿದಿತ್ತು. ಆದರೆ ಸಂಜೆ ಚಾಲೂ ಮಾಡಿದೊಡನೆ ಕಾಣುವ ಕಾವು ಹೋಗಲಿಲ್ಲ. ಇವರು ತಲೆ ಕೆರೆದುಕೊಳ್ಳುವುದನ್ನು ನಾನು ರೊಟ್ಟಿ ಬಡಿಯುತ್ತ ನೋಡುತ್ತಿದ್ದೆ. ಇಷ್ಟು ದಿನ ನಾನು ಉರಿದದ್ದಕ್ಕೆ ಅದೊಂದು ಸಣ್ಣ ಸಮಾಧಾನ.

ಒಂದು ದಿನ ಫೌಂಡ್ರಿಯಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಬಿಟ್ಟರು. ಸ್ಕೂಟರು ಕೆಟ್ಟಿತ್ತಂತೆ, ನಡೆದುಕೊಂಡು ಬಂದಿದ್ದಾರೆ. ನನಗೆ ಗೊತ್ತಾದದ್ದು ಬೆನ್ನ ಹಿಂದೆ ಉಸಿರಿನ ಸದ್ದು ಕೇಳಿದಾಗ. ಏಳುವ ಹಾಗಿರಲಿಲ್ಲ. ಕೊನೆಯ ಸುತ್ತು ನಡೆದಿತ್ತು, ನಾನು ಮುಂದಿದ್ದೆ. ಸೇತುವೆಯ ಆಚೆಯ ತಿರುವು ಬಂತು. ಇವರು ದಿನಾ ಬಡಿದುಕೊಳ್ಳುತ್ತಿದ್ದ ತಿರುವು ಅದು. ನಾನು ಸಲೀಸಾಗಿ ದಾಟಿದೆ.

ಬೈಯುತ್ತಾರೆ ಅಂದುಕೊಂಡೆ.

"ಆ ತಿರುವು ಹೆಂಗ ತೊಗೊಂಡಿ?" ಅಂದರು.

"ನೀವು ಓಡಸೂ ಮುಂದ ಕಿವಿ ಡಬ್ಬಿ ಕಡೆ ಇಟ್ಟಿರ್ತೀರಿ. ನಾ ರಸ್ತಾ ಅಷ್ಟ ನೋಡ್ತೀನಿ."

ಇವರ ಮುಖ ಸಣ್ಣದಾಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಿಯಲ್ಲಿ ಎಷ್ಟೋ ದಿನ ನೋಡಿದ್ದೆ. ಹೊಟ್ಟೆಕಿಚ್ಚಿನ ಮುಖ.

ಅವತ್ತಿನಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಹೊಟ್ಟೆಕಿಚ್ಚು ಜಾಗ ಬದಲಿಸಿತು, ಅಷ್ಟೇ. ಮೊದಲು ಗಂಡನಿಗಾಗಿ ಡಬ್ಬಿಯ ಮೇಲೆ ಉರಿಯುತ್ತಿದ್ದೆ. ಈಗ ಡಬ್ಬಿಗಾಗಿ ಗಂಡನ ಮೇಲೆ. ಸಂಜೆ ಅವರು ಮೂರು ಆಟ ಆಡಿದರೆ ನನಗೂ ಮೂರು ಬೇಕು. ಅವರು ಆಡುವಾಗ ಅಂಕಿ ಅರವತ್ತರ ಹತ್ತಿರ ಬಂದರೆ, "ಕಾದೈತ್ರಿ, ಬಿಡ್ರಿ," ಎಂದು ನಾನೇ ಎಬ್ಬಿಸುತ್ತಿದ್ದೆ. ನನ್ನ ಸರದಿಯಲ್ಲಿ ಅವರು ಅದನ್ನೇ ಅನ್ನುತ್ತಿದ್ದರು. ಕೊನೆಗೆ ಪರದೆಯನ್ನು ಎರಡು ಹೋಳು ಮಾಡಿ ಒಂದೇ ಕೀಬೋರ್ಡಿನ ಮೇಲೆ ಇಬ್ಬರೂ ಕೂಡಿ ಆಡುವ ದಾರಿ ಸಿಕ್ಕಿತು. ಮೊಣಕೈಗೆ ಮೊಣಕೈ ತಾಗುತ್ತಿತ್ತು. ಬೇಸಿಗೆ ಮತ್ತೆ ಬಂದಿತ್ತು. ನಡುನಡುವೆ ಆ ಕುಂಯ್ ಕುಂಯ್ ಕಿರಿಕಿರಿಯಾಗಿ, ಒಂದು ಸಂಜೆ ಇವರೇ ಆ ಕೂಗನ್ನು ಬಂದ್ ಮಾಡಿಬಿಟ್ಟರು.

ಅವತ್ತು ಅಂಕಿಯ ಕಡೆ ಇಬ್ಬರೂ ನೋಡಲಿಲ್ಲ. ನಡುವೆ ಒಳಗಿನ ಸಣ್ಣ ಫ್ಯಾನು ಯಾವಾಗ ತಿರುಗುವುದನ್ನು ನಿಲ್ಲಿಸಿತೋ ಗೊತ್ತಿಲ್ಲ. ಪರದೆ ಕಪ್ಪಾಯಿತು. ಸುಟ್ಟ ವಾಸನೆ ಬಂತು. ಇವರು ಬಿಚ್ಚಿ, ಬೆರಳಿಟ್ಟು, ಚುರ್ರೆಂದು ಕೈ ಎಳೆದುಕೊಂಡರು. "ಹೋತು," ಅಂದರು.

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ದೇವರ ಕೋಣೆಯಿಂದ ಓಡಿಬಂದು, ಖಾನಾಪುರದಿಂದ ಏನಾದರೂ ಸುದ್ದಿ ಬಂತೇ ಎಂದು ಕೇಳಿದರು.

"ನಿಂಗ ಅದು ಕಂಡರ ಆಗತಿದ್ದಿಲ್ಲಲ್ಲ. ಯಾಕ ಅಳ್ತಿ?" ಅಂದರು ಇವರು, ಸುಟ್ಟ ಬೆರಳನ್ನು ಬಾಯಿಯಲ್ಲಿ ಇಟ್ಟುಕೊಂಡು.

ನಮ್ಮಪ್ಪ ಕೊಟ್ಟ ಫ್ಯಾನು ಆ ರಾತ್ರಿ ಮಲಗುವ ಕೋಣೆಗೆ ಮರಳಿ ಬಂತು. ಗಾಳಿ ಚೆನ್ನಾಗಿಯೇ ಇತ್ತು. ನನಗೆ ಸೇರಲಿಲ್ಲ.

ಮಗಳ ಕೋಣೆಯಲ್ಲಿ ಮೊನ್ನೆ ಇವರೂ ಇದ್ದರು. ನರೆತ ತಲೆಯನ್ನು ಅವಳ ಭುಜದ ಮೇಲಿಂದ ಚಾಚಿ, ಕಾವು ಎಷ್ಟು, ಫ್ಯಾನು ಎಷ್ಟು ಸುತ್ತುತ್ತದೆ ಎಂದು ವಿಚಾರಿಸುತ್ತಿದ್ದರು. ಅವಳೂ ಉತ್ಸಾಹದಿಂದ ಹೇಳುತ್ತಿದ್ದಳು. ನಾನು ಚಹಾ ಹಿಡಿದುಕೊಂಡು ನಿಂತದ್ದು ಇಬ್ಬರಿಗೂ ಕಾಣಲಿಲ್ಲ. ಈ ಸಲ ಉರಿ ಇಬ್ಬರ ಮೇಲೂ ಹತ್ತಿತು. ಆದರೆ ಖಾನಾಪುರದ ಬಸ್ಸು ಹತ್ತುವ ವಯಸ್ಸು ಈಗಿಲ್ಲ. ಬಾಯಿ ಬಿಟ್ಟು ಕೇಳುವ ವಯಸ್ಸು ಬಂದಿದೆ.

"ನಂಗೊಂದು ಆಟ ಕೊಡ್ರಿ," ಅಂದೆ.

ಮಗಳು ತಿರುಗಿ ನೋಡಿ ನಕ್ಕಳು. "ಮಮ್ಮಿ, ನಿಂಗ ಎಲ್ಲಿ ಬರ್ತೈತಿ?"

ಇವರು ಪರದೆಯಿಂದ ಕಣ್ಣು ಎತ್ತಲಿಲ್ಲ. "ಕುರ್ಚಿ ಬಿಡು ಅಕಿಗೆ," ಅಂದರು. "ಇಷ್ಟ ವರ್ಷಾತು, ನಾ ಅಕೀನ ಒಮ್ಮೆನೂ ಹಿಂದ ಹಾಕಿಲ್ಲ."

ಚಹಾದ ಲೋಟ ಮಗಳ ಕೈಗೆ ಕೊಟ್ಟು ನಾನು ಕುಳಿತೆ.