ಕಿಟಕಿಯಲ್ಲಿ ಅರಿಶಿನ-ಕುಂಕುಮ

ನನಗೊಂದು ಚಟವಿದೆ, ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? ಯಾರ ಮನೆಯ ಬಾಗಿಲಾದರೂ ಹಾಡುಹಗಲೇ ಮುಚ್ಚಿತ್ತೆಂದರೆ, ಅದರ ಹಿಂದೆ ಏನು ನಡೆದಿರಬಹುದೆಂದು ಊಹಿಸದೆ ನನಗೆ ಕುಕ್ಕರ್ ಇಡಲೂ ಮನಸ್ಸಾಗುವುದಿಲ್ಲ. ನನ್ನ ಗಂಡ ಇದಕ್ಕೆ ‘ಊರ ಉಸಾಬರಿ’ ಎನ್ನುತ್ತಾರೆ. ನಾನು ಕುತೂಹಲ ಎನ್ನುತ್ತೇನೆ. ಅವರು ದಿನವೂ ಚಹಾ ಆರಿಹೋಗುವವರೆಗೆ ಪೇಪರಿನಲ್ಲಿ ಕಂಡವರ ಮನೆಯ ಸುದ್ದಿ ಓದುತ್ತಾರಲ್ಲ, ಅದು ಮಾತ್ರ ಸಾಮಾನ್ಯ ಜ್ಞಾನವಂತೆ. ಇರಲಿ ಬಿಡಿ.

ನಾಸಿಕದ ಸಾತಪುರದಲ್ಲಿ ನಮ್ಮ ಗಲ್ಲಿ ಇರುವ ರೀತಿಯೇ ಅಂಥದ್ದು. ಮನೆಗಳು ಎದುರುಬದುರು. ಬೆಳಗಿನ ಶಿಫ್ಟಿನ ಗಾಡಿಗಳೆಲ್ಲ ಸದ್ದು ಮಾಡಿಕೊಂಡು ಹೋದ ಮೇಲೆ ಉಳಿಯುವುದು ನಾವು ಹೆಂಗಸರು, ನಮ್ಮ ಒಗ್ಗರಣೆಗಳು. ಎದುರು ಮನೆಯಲ್ಲಿ ಇಂಗು ಹಾಕಿದ್ದು ಹೆಚ್ಚಾಯಿತೆಂದು ನಾನು ನಮ್ಮ ಅಡುಗೆಮನೆಯಲ್ಲಿ ನಿಂತೇ ಹೇಳಬಲ್ಲೆ. ಆ ಎದುರು ಮನೆ ಸುನಂದಾಳದು. ಸಟಾಣಾ ಕಡೆಯ ಮರಾಠಿ ಹೆಣ್ಣುಮಗಳು. ನಾನು ಬೀದರಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ ತರಕಾರಿ ಕೊಳ್ಳುವಷ್ಟು ಮರಾಠಿ ಕಲಿಸಿದವಳು, ಆಮೇಲೆ ಜಗಳವಾಡುವಷ್ಟೂ ಕಲಿಸಿದವಳು ಅವಳೇ. ಅವಳ ಮಗಳು ಮುಕ್ತಾ ಶಾಲೆಯ ಹೋಂವರ್ಕನ್ನು ನಮ್ಮ ಮೆಟ್ಟಿಲ ಮೇಲೆ ಕುಳಿತೇ ಬರೆಯುತ್ತಿದ್ದಳು. ಸುನಂದಾಳ ಬಾಗಿಲು ಹಗಲಲ್ಲಿ ಮುಚ್ಚಿದ್ದನ್ನು ನಾನು ಕಂಡೇ ಇರಲಿಲ್ಲ, ಹಂದಿ ಜ್ವರದ ವರ್ಷ ಬರುವ ತನಕ.

ಆ ಜ್ವರ ಪುಣೆಯಲ್ಲಿದೆ ಎಂದರು. ಪುಣೆ ಎಲ್ಲಿ, ನಾವೆಲ್ಲಿ ಎಂದುಕೊಂಡು ಗೋದಾವರಿಯ ಈಚೆ ದಂಡೆಯಲ್ಲಿ ನಿಶ್ಚಿಂತೆಯಿಂದ ಇದ್ದೆವು. ಅದು ಯಾವ ಬಸ್ಸಿಗೆ ಬಂತೋ, ನಾಸಿಕಕ್ಕೂ ಬಂತು. ಶಾಲೆಗೆ ರಜೆ ಕೊಟ್ಟರು, ಮೆಡಿಕಲ್ ಅಂಗಡಿಗಳಲ್ಲಿ ಮಾಸ್ಕ್ ಖಾಲಿಯಾದವು. ನಮ್ಮೂರ ಹುಡುಗಿಯರು ಅದಕ್ಕೂ ಮೊದಲೇ ಬಿಸಿಲಿಗೆಂದು ಎರಡು ಕಣ್ಣು ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡು ಸ್ಕೂಟಿ ಓಡಿಸುತ್ತಿದ್ದವರು. ‘ಡಕಾಯಿತರ ಹಾಗೆ ಏನೇ ಇದು ವೇಷ’ ಎಂದು ಬೈಯುತ್ತಿದ್ದ ತಾಯಂದಿರೇ ಈಗ, ‘ಅದು ಹೇಗೆ ಕಟ್ಟೋದು, ನನಗೂ ತೋರಿಸೇ’ ಎಂದು ಕನ್ನಡಿ ಮುಂದೆ ನಿಂತರು. ಯಾರೋ ಕರ್ಪೂರ, ಏಲಕ್ಕಿ ಕುಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಮೂಸಿದರೆ ಜ್ವರ ಹತ್ತಿರ ಸುಳಿಯುವುದಿಲ್ಲ ಎಂದರು. ನಮ್ಮ ಅತ್ತೆ ಹಳೆಯ ಧೋತರ ಹರಿದು ಇಡೀ ಗಲ್ಲಿಗೆ ಪೊಟ್ಟಣ ಕಟ್ಟಿಕೊಟ್ಟರು. ಸಿಟಿ ಬಸ್ಸು ಹತ್ತಿದರೆ ಗುಡಿಯೊಳಗೆ ಹೋದ ಹಾಗೆ ಘಮಘಮ. ಜ್ವರ ಸುಳಿಯಿತೋ ಬಿಟ್ಟಿತೋ, ಏಲಕ್ಕಿಯಂತೂ ಅಂಗಡಿಯಲ್ಲಿ ಸಿಗದಂತಾಯಿತು.

ಮುಖದ ಅರ್ಧ ಮುಚ್ಚಿದರೆ ಮನುಷ್ಯರು ಎಷ್ಟು ಉಳಿಯುತ್ತಾರೆ ಎಂಬುದೂ ನನಗೆ ಆಗಲೇ ತಿಳಿದದ್ದು. ಒಮ್ಮೆ ಸಂತೆಯಲ್ಲಿ ಹಿಂದಿನ ಗಲ್ಲಿಯ ಗೆಳತಿ ಸಿಕ್ಕಳೆಂದು ಮೆಂತ್ಯೆ ಸೊಪ್ಪಿನ ರಾಶಿಯ ಪಕ್ಕ ನಿಂತು ನನ್ನ ಮಂಡಿನೋವು, ನಾದಿನಿಯ ಮದುವೆ, ಗಂಡನ ಗೊರಕೆ ಎಲ್ಲವನ್ನೂ ಹೇಳಿಕೊಂಡೆ. ಆಕೆ ಬಹಳ ಸಹಾನುಭೂತಿಯಿಂದ ತಲೆಯಾಡಿಸಿದಳು. ಕೊನೆಗೆ, ‘ಎಲ್ಲ ಸರಿ ತಾಯಿ, ನೀವು ಯಾರು?’ ಎಂದು ಕೇಳಿದಳು. ಗುರುತಿನವರಿಗಿಂತ ಅವಳೇ ಚೆನ್ನಾಗಿ ಕೇಳಿಸಿಕೊಂಡಿದ್ದಳು ಎನ್ನುವುದು ಬೇರೆ ಮಾತು.

ಹೀಗೆ ನಗುತ್ತ ಇದ್ದಾಗಲೇ ಮುಕ್ತಾಳಿಗೆ ಜ್ವರ ಬಂತು. ಅದೇ ಜ್ವರ. ದೊಡ್ಡಾಸ್ಪತ್ರೆಗೆ ಒಯ್ದರು. ದೇವರು ದೊಡ್ಡವನು, ಹುಡುಗಿ ಉಳಿದು ಮನೆಗೆ ಬಂದಳು, ಅರ್ಧಕ್ಕರ್ಧ ಇಳಿದುಹೋಗಿ. ಗಲ್ಲಿಯವರೆಲ್ಲ ಕೈ ಮುಗಿದೆವು, ನಮ್ಮ ನಮ್ಮ ಬಾಗಿಲಲ್ಲಿ ನಿಂತು. ಯಾರೂ ಒಳಗೆ ಹೋಗಲಿಲ್ಲ. ಹೆದರಿಕೆ ಎಂದರೆ ಹೆದರಿಕೆ, ಅದಕ್ಕೆ ಬೇರೆ ಹೆಸರಿಲ್ಲ. ನಾನು ಸಾರಿನ ಡಬ್ಬಿಯನ್ನು ಅವರ ಗೇಟಿಗೆ ನೇತುಹಾಕಿ ಬರುತ್ತಿದ್ದೆ. ಸಂಜೆಗೆ ಡಬ್ಬಿ ತೊಳೆದು, ಬೋರಲಾಗಿ ಅದೇ ಗೇಟಿನ ಮೇಲೆ ಇರುತ್ತಿತ್ತು.

ಗಣಪತಿ ಬಂದು ಹೋದ, ದಸರೆ ಆಯಿತು, ದೀಪಾವಳಿ ಆಯಿತು. ಮಾಸ್ಕುಗಳು ಮೊದಲು ಗದ್ದಕ್ಕೆ ಇಳಿದವು, ಆಮೇಲೆ ಮೊಳೆಗೆ ಏರಿದವು, ಕೊನೆಗೆ ಒಲೆಯ ಕಟ್ಟೆ ಒರೆಸಲು ಬಂದವು. ಮನುಷ್ಯ ಹೆದರುವುದಕ್ಕೆ ತೆಗೆದುಕೊಂಡಷ್ಟು ಹೊತ್ತು ಮರೆಯುವುದಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲ ಮೊದಲಿನಂತಾಯಿತು. ಸುನಂದಾಳ ಬಾಗಿಲು ಮಾತ್ರ ತೆರೆಯಲಿಲ್ಲ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಇಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಒಂದೊಂದು ದಿನ ಒಂದೊಂದು ಮನೆಯಲ್ಲಿ ಹಳದಿ-ಕುಂಕು, ನಮ್ಮ ಮಾತಿನಲ್ಲಿ ಅರಿಶಿನ-ಕುಂಕುಮ. ಕರೆದವರ ಮನೆಗೆ ಹೋಗಬೇಕು, ಅವರು ನಮ್ಮ ಹಣೆಗೆ ಹಚ್ಚಬೇಕು, ನಾವು ಅವರ ಹಣೆಗೆ ಹಚ್ಚಬೇಕು, ಎಳ್ಳುಂಡೆ ಕೈಗಿಡಬೇಕು. ಜೊತೆಗೆ ವಾಣ ಎಂದು ಮನೆಗೆ ಬೇಕಾಗುವ ಒಂದು ಸಾಮಾನು ಎಲ್ಲರಿಗೂ ಹಂಚಬೇಕು. ಏನು ಕೊಡುತ್ತೇವೆಂಬುದು ಮುಚ್ಚುಮರೆಯ ಸಂಗತಿ, ಗುಟ್ಟು ಬಿಟ್ಟುಕೊಡುವಂತಿಲ್ಲ. ಅದರ ಫಲ ಆ ವರ್ಷ ಉಂಡೆವು ನೋಡಿ. ಪ್ರತಿಯೊಬ್ಬಳೂ ಯಾರಿಗೂ ಹೊಳೆಯದ್ದು ತನಗೇ ಹೊಳೆಯಿತೆಂದು ಬೀಗುತ್ತ ಕೈ ತೊಳೆಯುವ ಸೋಪು ತಂದಿದ್ದಳು. ನಾನೂ ತಂದಿದ್ದೆ, ನಿಂಬೆ ವಾಸನೆಯದು. ನಮ್ಮ ಮನೆಯಲ್ಲಿ ಮುಂದಿನ ಮಳೆಗಾಲದವರೆಗೆ ಸೋಪು ಕೊಳ್ಳಲಿಲ್ಲ.

ಈ ಹೋಗಿಬರುವುದು ಬರೀ ಎಳ್ಳುಂಡೆಯ ಆಸೆಗಲ್ಲ. ನಮ್ಮಂಥ ಗಲ್ಲಿಗಳಲ್ಲಿ ಸಂಬಂಧ ಜಗಳದಿಂದ ಮುರಿಯುವುದು ಕಡಿಮೆ. ಜಗಳವಾಡಿದವರು ನಾಲ್ಕು ದಿನಕ್ಕೆ ಮೊಸರಿನ ಹೆಪ್ಪು ಕೇಳಿಕೊಂಡು ಬರುತ್ತಾರೆ. ಮುರಿಯುವುದು ಹೋಗಿಬರುವುದು ತಪ್ಪಿದಾಗ. ಈ ವರ್ಷ ಅವರು ಕರೆಯಲಿಲ್ಲ, ಬರುವ ವರ್ಷ ನಾವು ಕರೆಯುವುದಿಲ್ಲ, ಅದರ ಮುಂದಿನ ವರ್ಷ ಎದುರಿಗೆ ಸಿಕ್ಕರೆ ಮುಗುಳ್ನಗೆ, ಆಮೇಲೆ ಅದೂ ಇಲ್ಲ. ಆ ಸಲ ಸುನಂದಾ ಯಾರನ್ನೂ ಕರೆಯಲಿಲ್ಲ, ಯಾರ ಮನೆಗೂ ಬರಲಿಲ್ಲ. ಅವಳು ಹೀಗೆ ಕೈಬಿಟ್ಟು ಹೋಗುತ್ತಾಳೇನೋ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಕಾರಣ ಏನು ಎಂಬುದರ ಮೇಲೆ ಎಲ್ಲರ ಮನೆಯ ಚಾಪೆಯ ಮೇಲೂ ಚರ್ಚೆ ಆಯಿತು. ನಾವು ಕಷ್ಟಕಾಲದಲ್ಲಿ ದೂರ ನಿಂತೆವೆಂದು ಅವಳಿಗೆ ಸಿಟ್ಟು ಬಂದಿದೆ ಎಂದರು ಕೆಲವರು. ಹುಡುಗಿಗೆ ಅಂಥ ಜ್ವರ ಬಂದದ್ದಕ್ಕೆ ನಾಚಿಕೆ ಎಂದರು ಇನ್ನು ಕೆಲವರು; ಜ್ವರಕ್ಕೆ ನಾಚಿಕೆ ಏಕೋ ನನಗೆ ತಿಳಿಯದು, ಪಾಪ, ಹಂದಿಯ ಹೆಸರು ಸೇರಿಕೊಂಡದ್ದಕ್ಕಿರಬೇಕು. ನಾನು ಸಿಟ್ಟಿನ ಪಕ್ಷ. ಔರಂಗಾಬಾದಿನಲ್ಲಿ, ಈಗ ಸಂಭಾಜಿನಗರ ಎನ್ನಬೇಕು, ನಾಲಿಗೆ ಇನ್ನೂ ತಿರುಗಿಲ್ಲ, ಅಲ್ಲಿರುವ ನನ್ನ ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ವಿಸ್ತಾರವಾಗಿ ವರದಿ ಮಾಡಿದೆ. ಅವಳು ಎಲ್ಲ ಕೇಳಿ, ‘ಅಕ್ಕಾ, ಎದುರಿನ ಮನಿ ಸುದ್ದಿ ಔರಂಗಾಬಾದಿಗಿ ತಿಳಸ್ತಿ. ಆಕಿಗೇ ಕೇಳಿದ್ರ ಏನಾಗ್ತದ?’ ಎಂದಳು. ಇಂಥ ಸರಳ ಉಪಾಯಗಳು ನನಗೆ ಹೊಳೆಯುವುದಿಲ್ಲ. ಊಹಿಸುವ ಚಟ ಇದ್ದವರಿಗೆ ಕೇಳುವುದೆಂದರೆ ಆಟ ಕೆಡಿಸಿದ ಹಾಗೆ.

ಹೋದೆ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಳ್ಳುಂಡೆ. ಬಾಯಲ್ಲಿ ದಾರಿಯುದ್ದಕ್ಕೂ ಉರುಹೊಡೆದ ಕ್ಷಮೆಯ ಭಾಷಣ. ದಾರಿ ಎಂದರೆ ಗಲ್ಲಿ ದಾಟುವಷ್ಟೇ, ಭಾಷಣ ಅರ್ಧ ಬಾಯಿಪಾಠ ಆಗಿತ್ತು. ಬಾಗಿಲು ತೆರೆಯಲಿಲ್ಲ, ಪಕ್ಕದ ಕಿಟಕಿ ಅಂಗೈಯಗಲ ತೆರೆಯಿತು.

‘ವಹಿನಿ, ಅಲ್ಲೇ ನಿಲ್ಲಿರಿ. ಮುಂದೆ ಬರಬೇಡಿರಿ,’ ಎಂದಳು ಸುನಂದಾ ಮರಾಠಿಯಲ್ಲಿ. ವಹಿನಿ ಎಂದರೆ ಅತ್ತಿಗೆ, ಅವಳು ನನ್ನನ್ನು ಕರೆಯುವುದೇ ಹಾಗೆ.

ನಾನು ಭಾಷಣ ಶುರುಮಾಡಿದೆ. ನಾವು ಬರಬೇಕಾಗಿತ್ತು, ಬರಲಿಲ್ಲ, ನಿನಗೆ ಬೇಜಾರಾಗಿರಬೇಕು, ಎಂದೆ. ಅವಳು ತಡೆದಳು. ‘ಅಹೋ, ನೀವು ಬರಲಿಲ್ಲ ಅಂತ ನನಗ್ಯಾಕೆ ಬೇಜಾರು? ದಿನಾ ದೀಪ ಹಚ್ಚಿ ಅದನ್ನೇ ಬೇಡಿಕೊಳ್ತೀನಿ, ಯಾರೂ ಬರದೇ ಇರಲಿ ಅಂತ. ಮುಕ್ತಾಳ ಎದೆ ಇನ್ನೂ ಸರಿಯಾಗಿಲ್ಲ. ಚಳಿಗಾಲ ಮುಗಿಯೋ ತನಕ ಒಂದು ನೆಗಡಿ ಕೂಡ ತಗಲಬಾರದು ಅಂದಾರ ಡಾಕ್ಟರು. ಗಲ್ಲಿಯಲ್ಲಿ ಯಾರು ಕೆಮ್ಮಿದರೂ ನನಗಿಲ್ಲಿ ಕೇಳಸ್ತದ. ನಿನ್ನೆ ನೀವು ಮೂರು ಸಲ ಸೀನಿದಿರಿ.’

ನಾವೆಲ್ಲ ಅವಳಿಗೆ ಹೆದರಿದೆವೆಂದು ತಿಂಗಳುಗಟ್ಟಲೆ ಒಳಗೊಳಗೇ ಮುದುಡಿಕೊಂಡಿದ್ದೆವು. ಅವಳು ಆ ಕಡೆ ಕುಳಿತು ನಮಗೆ ಹೆದರುತ್ತಿದ್ದಳು! ಒಂದೇ ಬಾಗಿಲು, ಈ ಕಡೆಯಿಂದ ನೋಡಿದಾಗ ನನಗೆ ಆ ಕಡೆಯಿಂದ ಯಾರಾದರೂ ನೋಡುತ್ತಿರಬಹುದೆಂಬುದೇ ತಲೆಗೆ ಬಂದಿರಲಿಲ್ಲ.

‘ಕರೆಯದಿದ್ದರೆ ಸೊಕ್ಕು ಅಂತೀರಿ,’ ಎಂದಳು. ‘ಕರೆದು ಹೊರಗೆ ನಿಲ್ಲಿಸಿದರೆ ಅಪಮಾನ ಅಂತೀರಿ. ಚಳಿ ಹೋಗೋದರೊಳಗೆ ನೀವೆಲ್ಲ ನನ್ನ ಬಿಟ್ಟೇ ಬಿಡ್ತೀರಿ. ನನಗೇನು ಗೊತ್ತಿಲ್ಲೇನು? ನೀವೇ ಹೇಳಿ ವಹಿನಿ, ಏನು ಮಾಡಲಿ?’ ಇಷ್ಟು ಹೇಳಿ ಸೆರಗು ಬಾಯಿಗಿಟ್ಟುಕೊಂಡಳು.

ಹಣೆ ಮುಟ್ಟದೆ ಅರಿಶಿನ-ಕುಂಕುಮ ಮಾಡುವುದು ಹೇಗೆ? ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ.

‘ಇದಕ್ಕೇನದ? ದೂರ ಕುಂತು ಅರಿಶಿನ-ಕುಂಕುಮ ಹ್ಯಾಂಗ ಮಾಡ್ಬೇಕಂತ ನನಗ ಕೇಳ್ರಿ. ಈ ಗಲ್ಲಿದಾಗ ನನಗಿಂತ ಛಲೋ ಯಾರಿಗಿ ಗೊತ್ತದ?’

ನಿಜ. ಮಾವ ತೀರಿಕೊಂಡ ಮೇಲೆ, ನಮ್ಮ ಮನೆಯಲ್ಲಿ ಈ ಕಾರ್ಯಕ್ರಮ ನಡೆದಾಗಲೆಲ್ಲ ಅತ್ತೆ ಒಳಕೋಣೆಯ ಬಾಗಿಲ ಮರೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಮ್ಮದು ವಿಭೂತಿಯ ಮನೆತನ. ವಿಭೂತಿ ಧರಿಸಿದ ಹಣೆಗಳಲ್ಲಿ ಹೆಚ್ಚು ಕಡಿಮೆ ಇಲ್ಲ ಎಂದು ಚಿಕ್ಕಂದಿನಿಂದ ಮಠದಲ್ಲಿ ಕೇಳಿ ತಲೆಯಾಡಿಸಿದವರು ನಾವು. ಆದರೂ ಅವರು ಹಾಗೆ ಕೂತರು. ಯಾರೂ ಕೂರಿಸಲಿಲ್ಲ, ಯಾರೂ ಎಬ್ಬಿಸಲೂ ಇಲ್ಲ. ಕಂಡವರ ಮುಚ್ಚಿದ ಬಾಗಿಲಿನ ಬಗ್ಗೆ ಅಷ್ಟೆಲ್ಲ ತಲೆಕೆಡಿಸಿಕೊಂಡ ನನಗೆ, ನನ್ನದೇ ಮನೆಯ ತೆರೆದ ಬಾಗಿಲಿನ ಆಚೆಯದು ಒಗಟಾಗಿ ಕಂಡಿರಲೇ ಇಲ್ಲ.

ಅತ್ತೆಯ ವ್ಯವಸ್ಥೆ ಹೀಗಿತ್ತು. ಸುನಂದಾಳ ಕಿಟಕಿಯ ಹೊರಗೆ ಸ್ವಲ್ಪ ದೂರಕ್ಕೆ ಒಂದು ಸ್ಟೂಲು, ಅದರ ಮೇಲೆ ಕನ್ನಡಿ. ಒಬ್ಬೊಬ್ಬರೇ ತಮ್ಮ ಕುಂಕುಮ ತಾವು ತರಬೇಕು. ಹೊರಗಿನವಳು ಹೊರಗೆ, ಒಳಗಿನವಳು ಒಳಗೆ, ಒಬ್ಬರ ಮುಖ ಒಬ್ಬರು ನೋಡುತ್ತ ತಮ್ಮ ಹಣೆಗೆ ತಾವೇ ಹಚ್ಚಿಕೊಳ್ಳಬೇಕು. ಎಳ್ಳು ಪೊಟ್ಟಣದಲ್ಲಿ. ನೆಗಡಿ ಇದ್ದವರು ಮನೆಯಿಂದಲೇ ಫೋನು. ನಾನು ಮನೆಮನೆಗೆ ಹೋಗಿ ಸುನಂದಾಳ ಮಾತು ಹೇಳಿದೆ. ಅಪಮಾನ ಎಂದು ಮುಖ ಗಂಟು ಹಾಕುವವರು ಇದ್ದಾರೇನೋ ಎಂದು ಅಳುಕುತ್ತಲೇ ಹೋದವಳಿಗೆ, ‘ಅಯ್ಯೋ ಬಡವೀ, ಮೊದಲೇ ಹೇಳಬಾರದಿತ್ತೇ’ ಎಂಬ ಮಾತೇ ಎಲ್ಲ ಕಡೆಯೂ ಸಿಕ್ಕಿತು.

ಆ ಸಂಜೆ ಗಲ್ಲಿಯ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಬೀದಿಯಲ್ಲಿ ಸಾಲು ನಿಂತೆವು. ಶಿಫ್ಟು ಮುಗಿಸಿ ಬಂದ ಗಂಡಸರು ರೇಶನ್ ಬಂತೇನೋ ಎಂದು ಗಾಡಿ ನಿಲ್ಲಿಸಿ ನೋಡಿದರು. ಅತ್ತೆ ಕುರ್ಚಿ ತರಿಸಿಕೊಂಡು ಸಾಲಿನ ಬದಿಗೆ, ಎಲ್ಲರಿಂದಲೂ ದೂರ, ಕಾವಲು ಕುಳಿತರು. ಅವರು ಗಲ್ಲಿಯವರೆಲ್ಲರ ಜೊತೆಗೂ ಬೀದರಿನ ಕನ್ನಡವನ್ನೇ ಆಡುವವರು; ಅದರಲ್ಲಿ ಅರ್ಧ ಮರಾಠಿಯೇ ಇರುವುದರಿಂದ ಯಾರಿಗೂ ತೊಂದರೆಯಿಲ್ಲ. ‘ಏ ತಂಗಿ, ಮೂಗ ಏರಸ್ಲತ್ತಿ, ನಡಿ ಮನಿಗಿ,’ ಎಂದು ಒಬ್ಬಳನ್ನು ಹಿಂದಕ್ಕೆ ಕಳಿಸಿದರು. ನನ್ನ ಸರದಿ ಬಂದಾಗ ಸುನಂದಾ ನನ್ನನ್ನೇ ನೋಡುತ್ತ ಹಚ್ಚಿಕೊಂಡಳು. ನಾನು ಕನ್ನಡಿ ನೋಡುವುದು ಮರೆತು ಅವಳನ್ನು ನೋಡುತ್ತ ಹುಬ್ಬಿನ ಮೇಲೆ ಹಚ್ಚಿಕೊಂಡೆ. ಅವಳು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ನೋಡಿ! ನನಗೆ ಅಳು ಬಂತು.

ಸಾಲು ಮುಗಿಯಿತು. ಕಿಟಕಿಯ ಸರಳಿನ ಹಿಂದೆ ಮುಕ್ತಾಳ ಸಣ್ಣ ಮುಖ ಕಾಣಿಸಿತು. ಅವಳು ನಮ್ಮನ್ನೆಲ್ಲ ಬಿಟ್ಟು, ದೂರ ಕುಳಿತ ಅತ್ತೆಯನ್ನೇ ನೋಡುತ್ತಿದ್ದಳು.

‘ಆಜೀ, ಎಲ್ಲಾರೂ ಬಂದರು, ನೀವೊಬ್ಬರೇ ಯಾಕೆ ಅಷ್ಟು ದೂರ?’ ಎಂದಳು. ‘ನಿಮಗೇನಾಗಿತ್ತು?’

ಕಾಯಿಲೆಯವರನ್ನು ದೂರ ಕೂರಿಸುತ್ತಾರೆಂಬುದಷ್ಟೇ ಆ ಮಗುವಿಗೆ ಗೊತ್ತಿದ್ದದ್ದು. ಅತ್ತೆ ಸಲೀಸಾಗಿ ಉತ್ತರ ಕೊಟ್ಟರು.

‘ನನಗೇನೂ ಆಗಿಲ್ಲವ್ವಾ. ಆಗಿದ್ದು ನಿಮ್ಮ ಅಜ್ಜಾಗ.’

ಸುನಂದಾ ಒಂದು ಎಳ್ಳಿನ ಪೊಟ್ಟಣ ಸರಳಿನಿಂದ ಹೊರಗೆ ಚಾಚಿ, ‘ಆಜೀ, ಬನ್ನಿರಿ, ಇದು ನಿಮ್ಮದು’ ಎಂದಳು. ಅತ್ತೆ ನಾವು ಸಾಲು ನಿಂತಿದ್ದ ಜಾಗಕ್ಕೆ ನಡೆದು ಹೋಗಿ ತೆಗೆದುಕೊಂಡರು.

ಎರಡು ದಿನ ಬಿಟ್ಟು ನಮ್ಮ ಮನೆಯ ಸರದಿ. ನಾನು ಏನೂ ಹೇಳಲಿಲ್ಲ, ಒಳಕೋಣೆಯ ಕುರ್ಚಿ ತಂದು ಹಾಲಿನ ನಡುವೆ ಇಟ್ಟೆ. ದೊಡ್ಡ ಕೆಲಸ ಮಾಡಿದೆನೆಂದು ನನಗೆ ಒಳಗೊಳಗೇ ಹಿಗ್ಗು. ಅತ್ತೆ ಬಂದು ಕೂತರು, ಹೆಂಗಸರು ಬಂದರು, ಎಳ್ಳು ಕೊಟ್ಟರು, ಕಾಲು ಮುಟ್ಟಿದರು. ಹಾಡೂ ಆಯಿತು. ಎಲ್ಲರೂ ಹೋದ ಮೇಲೆ ಹತ್ತಿರ ಹೋಗಿ, ‘ಹ್ಯಾಂಗನಸ್ತು ಅತ್ತಿ?’ ಎಂದು ಕೇಳಿದೆ.

‘ಏನು ಹ್ಯಾಂಗ?’ ಎಂದರು ಅತ್ತೆ. ‘ಬಾಗಿಲ ಹಿಂದ ಕುಂತಾಗ ಎಲ್ಲಾರ ಮನಿ ಸುದ್ದಿ ಆರಾಮ ಕಿವಿಗಿ ಬೀಳ್ತಿತ್ತು. ಈಗ ನನ್ನ ಮುಂದ ಯಾರೂ ಬಾಯಿನೇ ಬಿಡಂಗಿಲ್ಲ. ಇಲ್ಲಿ ತಂದು ಕೂಡಸೂಕಿಂತ ಮೊದಲ ನನಗೊಂದು ಮಾತು ಕೇಳಬೇಕಿಲ್ಲೇನು ನೀ?’

ಹೇಳಿದ್ದು ಹಾಗೆ. ಆದರೆ ಕುರ್ಚಿಯನ್ನು ಒಳಗೆ ಇಡಲೇ ಎಂದು ಕೇಳಿದಾಗ, ‘ಇರಲಿ ಬಿಡು, ನಾಳಿಗಿ ನೋಡೂಣು’ ಎಂದರು.