ಕಾಕಾನ ಕಾಡತೂಸಿನ ಪ್ರೆಸ್

ಕಾಕಾ ಬಗ್ಗಿದರೆ ಸಾಕು, ಅಂಗಿಯೊಳಗಿಂದ ಶಿವದಾರಕ್ಕೆ ಕಟ್ಟಿದ ಎರಡು ಕೀಲಿಕೈಗಳು ಹೊರಗೆ ಜೋತುಬೀಳುತ್ತಿದ್ದವು. ಒಂದು ಗ್ಯಾರೇಜಿನ ಉಕ್ಕಿನ ಬೀರುವಿನದು, ಇನ್ನೊಂದು ಮುಂಬಾಗಿಲಿನದು. ಅವರ ಹೆಂಡತಿ, ನಾನು ಕಾಕಿ ಎನ್ನುತ್ತಿದ್ದವರು, ಮರೆವಿನ ಕಾಯಿಲೆಯಲ್ಲಿದ್ದರು. ಬಾಗಿಲು ತೆರೆದಿದ್ದರೆ ಇಳಿಜಾರಿನಲ್ಲಿ ಫೆರಿ ದೋಣಿಗಳ ಕಟ್ಟೆಯವರೆಗೂ ನಡೆದುಬಿಡುತ್ತಿದ್ದರು.

ಅಮೆರಿಕದ ಮುಕಿಲ್ಟಿಯೊದಲ್ಲಿ ನಮ್ಮ ಪಕ್ಕದ ಮನೆ ಅವರದು. ಧಾರವಾಡದ ಕಡೆಯವರು, ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಶನಿವಾರ ಕ್ಲಬ್ಬಿಗೆ ಹೋಗಿ ಗುರಿ ಹೊಡೆಯುವುದೊಂದೇ ಅವರ ಹುಚ್ಚು. ಕಾಕಿಯನ್ನು ಬಿಟ್ಟು ಹೋಗಲಾಗದಂತೆ ಆದಾಗ ಪಿಸ್ತೂಲುಗಳನ್ನು ಮಾರಿಬಿಟ್ಟರು. ಆಮೇಲೆ ಕಾಡತೂಸು ತಯಾರಿಸುವ ಪ್ರೆಸ್ ತರಿಸಿದರು.

"ಪಿಸ್ತೂಲೇ ಇಲ್ಲ, ಇದ್ಯಾಕೆ ಕಾಕಾ?" ಎಂದೆ.

"ಹೊರಗ ಹೋಗಾಕ ಆಗೂದಿಲ್ಲ. ಒಳಗರ ಏನರ ಮಾಡ್ಬೇಕಲ್ಲವಾ."

ನನ್ನ ಪಾಡೂ ಬೇರೆಯಿರಲಿಲ್ಲ. ಮೈಸೂರಿನಲ್ಲಿ ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವಳು ಗಂಡನ ವೀಸಾದ ಮೇಲೆ ಬಂದಿದ್ದೆ, ಕೆಲಸ ಮಾಡುವಂತಿರಲಿಲ್ಲ. ನಮ್ಮವರು ಕಾರು ತೆಗೆದುಕೊಂಡು ಬೆಲ್ವ್ಯೂ ಊರಿನ ಆಫೀಸಿಗೆ ಹೋದರೆ ಸಂಜೆಯವರೆಗೆ ನಾಲ್ಕು ಗೋಡೆ. ಹಾಗಾಗಿ ಕಾಕಾ ಕರೆದಾಗ ಓಡಿಹೋದೆ. ಕೈಪಿಡಿಯ ಸಣ್ಣ ಅಕ್ಷರ ಅವರ ಕಣ್ಣಿಗೆ ಹತ್ತುತ್ತಿರಲಿಲ್ಲ. ನಾನು ಓದಿದೆ, ಬೋಲ್ಟು ಬಿಗಿದೆ, ತಿರುಗುವ ತಟ್ಟೆ ಕೂರಿಸಿದೆ. ಮೂರು ಮಧ್ಯಾಹ್ನ ಹಿಡಿಯಿತು. ಹಿಡಿಕೆಯನ್ನು ಒಮ್ಮೆ ಎಳೆದರೆ ತಟ್ಟೆ ಒಂದು ಮನೆ ಮುಂದೆ ಸರಿದು, ಮದ್ದು ತುಂಬುವುದು, ಗುಂಡು ಕೂರಿಸುವುದು ಎಂದು ಪ್ರತಿ ಮನೆಯಲ್ಲೂ ಒಂದೊಂದು ಕೆಲಸ ಆಗಬೇಕು. ಖಾಲಿ ಹಿತ್ತಾಳೆ ಕವಚಗಳನ್ನಿಟ್ಟು ಎಳೆದರೆ ತಟ್ಟೆ ಕೂದಲೆಳೆಯಷ್ಟು ಹಿಂದೆ ನಿಂತಿತು. ತಿದ್ದಿದೆ.

"ನಿನ್ನ ಕೈ ಇನ್ನಾ ಕೆಲಸಾ ಮರ್ತಿಲ್ಲ" ಎಂದರು ಕಾಕಾ. ನನಗೆ ಕಣ್ಣು ತುಂಬಿತು.

ಬೀರುವಿನಿಂದ ಸಿಡಿಮದ್ದು ತೆಗೆದ ದಿನ ಮಾತ್ರ ನನ್ನನ್ನು ದೂರದಲ್ಲಿ ಸ್ಟೂಲಿನ ಮೇಲೆ ಕೂರಿಸಿದರು. "ನಿನ್ನ ವೀಸಾದಾಗ ಇದನ್ನ ಮುಟ್ಟಾಕ ಬರೂದಿಲ್ಲ. ಕೂತು ನೋಡು, ಮಾತಾಡಬ್ಯಾಡ." ಗಮನ ತಪ್ಪಿದರೆ ಒಂದೇ ಕವಚಕ್ಕೆ ಎರಡು ಸಲ ಮದ್ದು ಬಿದ್ದು, ಹಾರಿಸುವಾಗ ಪಿಸ್ತೂಲೇ ಸಿಡಿಯಬಹುದಿತ್ತು. ಒಳಗಿಂದ ಕಾಕಿ "ಎಲ್ಲಿದ್ದೀರಿ?" ಎಂದು ಕೂಗಿದಾಗಲೆಲ್ಲ ಅವರು ತಟ್ಟೆ ಖಾಲಿ ಮಾಡಿ, ಎಲ್ಲವನ್ನೂ ಬೀರುವಿಗೆ ಸೇರಿಸಿ ಬೀಗ ಹಾಕಿ, ಒಳಗೆ ಹೋಗಿಬರುತ್ತಿದ್ದರು. ಮಧ್ಯಾಹ್ನವಿಡೀ ಕೂತರೂ ಹತ್ತು ಕಾಡತೂಸು ಆಗುತ್ತಿರಲಿಲ್ಲ.

ಒಂದು ದಿನ ಕಾಕಿ ಕೂಗಿದಾಗ ಅವರು ಏಳಲಿಲ್ಲ. ಎರಡನೆಯ ಕೂಗಿಗೂ ಹಿಡಿಕೆ ಎಳೆಯುತ್ತಲೇ ಇದ್ದರು. ಮೂರನೆಯ ಕೂಗಿನ ನಂತರ ಮನೆ ಸದ್ದಡಗಿತು. ಕಾಡತೂಸಿನ ಡಬ್ಬಿ ತುಂಬಿದ ಮೇಲೆ ಒಳಗೆ ಹೋದೆವು. ಕಾಕಿ ಮುಂಬಾಗಿಲ ಎದುರು ನೆಲದ ಮೇಲೆ ಕೂತಿದ್ದರು. ಸೀರೆ ಒದ್ದೆಯಾಗಿತ್ತು. ಬಾಗಿಲು ಕೆರೆದು ಉಗುರುಗಳಲ್ಲಿ ರಕ್ತ.

"ತಗೀರಿ, ನಮ್ಮಪ್ಪ ಹೊರಗ ನಿಂತಾನ" ಎನ್ನುತ್ತಿದ್ದರು.

ಕಾಕಾ ಪಕ್ಕದಲ್ಲೇ ಕುಸಿದು ಕೂತು ಆ ಬೆರಳುಗಳನ್ನು ಹಿಡಿದುಕೊಂಡರು. "ನಂಗ ಕೇಳಿಸಿತ್ತವಾ," ಎಂದರು ನನಗೆ. "ಮೂರೂ ಸಲ ಕೇಳಿಸಿತ್ತು."

ಮರುದಿನ ನನ್ನ ಕೈಯಿಂದಲೇ ಪ್ರೆಸ್ ಬಿಚ್ಚಿಸಿದರು.

ವರ್ಷದ ನಂತರ ನನಗೆ ಕೆಲಸದ ಅನುಮತಿ ಬಂತು. ತಮ್ಮ ಹಳೆಯ ಗೆಳೆಯರೊಬ್ಬರ ವರ್ಕ್‌ಶಾಪಿಗೆ ಕಾಕಾನೇ ಫೋನ್ ಮಾಡಿ, ಈ ಹುಡುಗಿಯ ಕೆಲಸ ಕಣ್ಣಾರೆ ನೋಡಿದ್ದೇನೆ ಎಂದು ಹೇಳಿದರು. ಇಂದಿಗೂ ಅಲ್ಲೇ ದುಡಿಯುತ್ತಿದ್ದೇನೆ. ಅವರು ಮಾತ್ರ ಆ ಮನೆಯಿಂದ ಹೊರಬರಲಿಲ್ಲ. ಕಳೆದ ಮಾರ್ಚಿನಲ್ಲಿ ಕಾಕಿಗೆ ಊಟ ಮಾಡಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ.

ಆ ಮಧ್ಯಾಹ್ನ ನನಗೂ ಮೂರು ಕೂಗೂ ಕೇಳಿಸಿತ್ತು. ಎದ್ದು ಹೋಗಬಹುದಿತ್ತು, ಮಷೀನು ಓಡುವುದನ್ನು ನೋಡುತ್ತಾ ಕೂತಿದ್ದೆ. ಅದನ್ನು ಅವರಿಗೆ ಹೇಳಲೇ ಇಲ್ಲ. ಹೇಳಿದ್ದರೆ ಅರ್ಧ ಹೊರೆಯಾದರೂ ಇಳಿಯುತ್ತಿತ್ತೇನೋ.